ಬಂಗಾರೆವ್ವನ ಸೋಮವಾರ

ವಿಜಯಪುರದ ಕಡೆಯ ಒಂದು ಊರಿನಲ್ಲಿ ಅಣ್ಣಾರಾಯ ಮಾಸ್ತರ್ ಎಂಬ ಸೈಕಲ್ ಗುರುಗಳಿದ್ದರು. ಪಂಕ್ಚರ್ ತಿದ್ದುವವರಲ್ಲ, ಸೈಕಲ್ ಓಟ ಕಲಿಸುವವರು. ಆ ಸೀಮೆಯಲ್ಲಿ ಇದು ಅಂಥ ದೊಡ್ಡ ಸುದ್ದಿಯೇನಲ್ಲ. ಅಲ್ಲಿ ನೆಲ ಚಪ್ಪಟೆ, ರಸ್ತೆ ಉದ್ದ, ಎದುರುಗಾಳಿ ಧಾರಾಳ. ಬೇರೆ ಕಡೆ ಮಕ್ಕಳ ಕೈಗೆ ಬ್ಯಾಟು ಸಿಕ್ಕ ಹಾಗೆ ಅಲ್ಲಿಯ ಮಕ್ಕಳ ಕೈಗೆ ಹ್ಯಾಂಡಲ್ ಸಿಗುತ್ತದೆ.

ಮಾಸ್ತರರ ಹತ್ತಿರ ಹತ್ತು ಹನ್ನೆರಡು ಹುಡುಗಿಯರು ಇದ್ದರು. ಸುತ್ತಲಿನ ಹಳ್ಳಿಗಳಿಂದ ಬಂದು, ಅವರ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲೇ ಉಳಿದು ಕಲಿಯುತ್ತಿದ್ದರು. ಅವರಲ್ಲಿ ಇಬ್ಬರು ಎಲ್ಲರಿಗಿಂತ ಮುಂದು. ಒಬ್ಬಳು ಬಂಗಾರೆವ್ವ. ಎಲ್ಲರೂ ಅವಳನ್ನು ಬಂಗಾರಿ ಎನ್ನುತ್ತಿದ್ದರು. ಇನ್ನೊಬ್ಬಳು ಶಾಹಿನ್, ಬಂಗಾರಿಗಿಂತ ಒಂದು ವರ್ಷ ಚಿಕ್ಕವಳು.

ಬಂಗಾರಿಯ ಗುಣ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಮುಂದೆ ಯಾರ ಬೆನ್ನು ಕಂಡರೂ ಅವಳಿಗೆ ತಡೆಯುತ್ತಿರಲಿಲ್ಲ. ಆ ಬೆನ್ನು ಸೈಕಲ್ಲಿನದೇ ಆಗಬೇಕೆಂದಿಲ್ಲ. ಮೊಪೆಡ್ಡಾದರೂ ಸರಿ, ಮದುವೆಯ ಟೆಂಪೊ ಆದರೂ ಸರಿ, ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರ್ ಆದರೂ ಸರಿ. ಅದನ್ನು ಹಿಂದೆ ಹಾಕಿದ ಮೇಲೆಯೇ ಅವಳು ನೀರು ಕುಡಿಯುತ್ತಿದ್ದಳು. ಈ ಗುಣದಿಂದಲೇ ಅವಳು ಗೆಲ್ಲುತ್ತಿದ್ದಳು ಎಂಬುದೂ ನಿಜ. ಹಾಗಾಗಿ ಯಾರೂ ಬೈಯಲು ಹೋಗುತ್ತಿರಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ರಾಜ್ಯದ ಕ್ಯಾಂಪಿನಿಂದ ಮಾಸ್ತರರಿಗೆ ಒಂದು ಪತ್ರ ಬಂತು. ನಿಮ್ಮಲ್ಲಿಂದ ಒಬ್ಬ ಹುಡುಗಿಯ ಹೆಸರು ಕಳಿಸಿ ಎಂದಿತ್ತು. ಒಬ್ಬಳದೇ ಹೆಸರು. ಕ್ಯಾಂಪಿಗೆ ಹೋದವರು ರಾಷ್ಟ್ರೀಯ ಓಟಕ್ಕೆ ಹೋಗುತ್ತಾರೆ. ಬಂಗಾರಿಗೆ ಆ ವಯಸ್ಸಿನ ಗುಂಪಿನಲ್ಲಿ ಅದೇ ಕಡೆಯ ವರ್ಷ. ಮುಂದಿನ ವರ್ಷ ಶಾಹಿನ್‌ಗೆ ಇನ್ನೊಂದು ಅವಕಾಶ ಸಿಗಬಹುದು, ಬಂಗಾರಿಗೆ ಸಿಗುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು, ಮಾಸ್ತರರಿಗೂ ಗೊತ್ತಿತ್ತು.

ಮಾಸ್ತರ್ ನ್ಯಾಯಸ್ಥರು. ಎರಡು ಪರೀಕ್ಷೆ ಇಟ್ಟರು. ಭಾನುವಾರ ನೂರಾ ಎಂಬತ್ತು ಕಿಲೋಮೀಟರ್ ದೂರದ ಸವಾರಿ. ಬುಧವಾರ ಮೂವತ್ತು ಕಿಲೋಮೀಟರ್, ಒಬ್ಬೊಬ್ಬರೇ, ಗಡಿಯಾರದ ಎದುರು. ಎರಡೂ ದಿನದ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವರ ಹೆಸರು ಕ್ಯಾಂಪಿಗೆ.

ಭಾನುವಾರ ಬಂಗಾರಿ ಮಿಂಚಿದಳು. ಆರು ತಾಸಿನ ಮೇಲೆ ತುಳಿದು ಎಲ್ಲರಿಗಿಂತ ಮೊದಲು ಬಂದಳು. ಶಾಹಿನ್ ಬಂದದ್ದು ಒಂದು ನಿಮಿಷ ನಲವತ್ತು ಸೆಕೆಂಡು ತಡವಾಗಿ. ಮೂವತ್ತು ಕಿಲೋಮೀಟರಿನಲ್ಲಿ ಅಷ್ಟು ಅಂತರ ಅಳಿಸುವುದು ಸುಲಭವಲ್ಲ. ಅವತ್ತು ರಾತ್ರಿ ಊಟದ ಹೊತ್ತಿಗೆ ಉಳಿದ ಹುಡುಗಿಯರು ಬಂಗಾರಿಯ ಬಟ್ಟೆಗಂಟು ಕಟ್ಟುವ ಮಾತಾಡತೊಡಗಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರು ಎಲ್ಲ ಊರಲ್ಲೂ ಇರುತ್ತಾರೆ.

ಇನ್ನು ಸೋಮವಾರದ ಮಾತು. ಅದನ್ನು ಹೇಳುವ ಮೊದಲು ಮಾಸ್ತರರ ಒಂದು ಪದ್ಧತಿಯನ್ನು ನೀವು ತಿಳಿಯಬೇಕು.

ದೂರದ ಸವಾರಿಯ ಮರುದಿನ ಏನು ಮಾಡಬೇಕು ಎಂಬುದು ಸೈಕಲ್ಲಿನವರ ಹಳೆಯ ಜಗಳ. ಕೆಲವರು ಮಲಗಬೇಕು ಎನ್ನುತ್ತಾರೆ. ಕೆಲವರು ನಿಧಾನಕ್ಕೆ ಒಂದು ಸುತ್ತು ಹೊಡೆದು ಬರಬೇಕು ಎನ್ನುತ್ತಾರೆ. ಮಾಸ್ತರ್ ಎರಡನ್ನೂ ಒಪ್ಪುತ್ತಿದ್ದರು. ಮರುದಿನ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳುತ್ತಿದ್ದರು: "ಕಾಲು ಹ್ಯಾಂಗ ಅದಾವ?" ಬಿಗಿಯಾಗಿವೆ ಎಂದವಳಿಗೆ ನಿಧಾನದ ಸವಾರಿ. ಎಲ್ಲಾದರೂ ಚುಚ್ಚುತ್ತದೆ ಎಂದವಳಿಗೆ ಚಾಪೆ. "ಬಿಗಿಗೆ ಗಾಲಿ, ಚುಚ್ಚಿಗೆ ಚಾಪಿ" ಎಂಬುದು ಅವರ ಸೂತ್ರ. ಇಷ್ಟೇ ವೈದ್ಯಶಾಸ್ತ್ರ ಅವರಿಗೆ ಬರುತ್ತಿದ್ದುದು, ಅದರಲ್ಲೇ ಇಪ್ಪತ್ತು ವರ್ಷ ಮಕ್ಕಳ ಮೊಣಕಾಲು ಕಾಪಾಡಿಕೊಂಡು ಬಂದಿದ್ದರು.

ಆದರೆ ನಿಧಾನ ಎಂದರೆ ಎಷ್ಟು? ಇದು ಸಣ್ಣ ಪ್ರಶ್ನೆಯಲ್ಲ. ಓಟದ ಹುಡುಗಿಗೆ ನಿಧಾನಕ್ಕೆ ಹೋಗು ಎಂದರೆ, ಅವಳ ನಿಧಾನವೇ ನಮ್ಮ ನಿಮ್ಮ ಓಟಕ್ಕಿಂತ ಜೋರು. ಇಬ್ಬರು ಜೊತೆಗೆ ಹೊರಟರಂತೂ ಮೊದಲ ತಿರುವು ದಾಟುವುದರೊಳಗೆ ಪೈಪೋಟಿ ಶುರು. ಇದನ್ನು ನೋಡಿ ನೋಡಿ ಸಾಕಾಗಿ ಮಾಸ್ತರ್ ಒಂದು ಉಪಾಯ ಮಾಡಿದ್ದರು. ಅವರನ್ನು ಲಾಲಸಾಬನ ಹಿಂದೆ ಹಚ್ಚುತ್ತಿದ್ದರು.

ಲಾಲಸಾಬ ಬೆಳಿಗ್ಗೆ ಹಳ್ಳಿ ಹಳ್ಳಿ ತಿರುಗಿ ಖಾರಿ, ಟೋಸ್ಟ್, ಪಾವ್ ಮಾರುವವನು. ಅವನ ಹಳೆಯ ಸೈಕಲ್ಲಿನ ಹಿಂದೆ ಒಂದು ದೊಡ್ಡ ತಗಡಿನ ಪೆಟ್ಟಿಗೆ. ಖಾರಿ ಬಿಸ್ಕತ್ತು ಎಂದರೆ ನಿಮಗೆ ಗೊತ್ತಲ್ಲ, ಪದರು ಪದರಾಗಿ ಇರುತ್ತದೆ, ಮುಟ್ಟಿದರೆ ಪುಡಿ. ತಗ್ಗಿನಲ್ಲಿ ಸೈಕಲ್ ಒಮ್ಮೆ ಎತ್ತಿ ಹಾಕಿದರೆ ಅರ್ಧ ಪೆಟ್ಟಿಗೆ ಹಿಟ್ಟಾಗುತ್ತದೆ, ಹಿಟ್ಟನ್ನು ಯಾರು ಕೊಳ್ಳುತ್ತಾರೆ? ಆದ್ದರಿಂದ ಲಾಲಸಾಬ ಮೂವತ್ತು ವರ್ಷದಿಂದ ಒಂದೇ ವೇಗದಲ್ಲಿ ತುಳಿಯುತ್ತಿದ್ದ. ಆ ವೇಗಕ್ಕಿಂತ ನಿಧಾನವಾದರೆ ಸೈಕಲ್ ಬೀಳುತ್ತದೆ, ಜೋರಾದರೆ ಖಾರಿ ಮುರಿಯುತ್ತದೆ. ಮಾಸ್ತರರ ಶಿಷ್ಯೆಯರು ಅವನ ಹಿಂದೆ ಮೂರು ಹಳ್ಳಿ ಸುತ್ತಿ ಬರಬೇಕು. ಅವನು ನಿಂತಲ್ಲಿ ನಿಲ್ಲಬೇಕು, ಹೊರಟಾಗ ಹೊರಡಬೇಕು. ಯಾವ ಕಾರಣಕ್ಕೂ ಅವನನ್ನು ದಾಟಬಾರದು. ಇದೊಂದೇ ನಿಯಮ.

ಸೋಮವಾರ ಬೆಳಿಗ್ಗೆ ಹುಡುಗಿಯರು ಸಾಲಾಗಿ ನಿಂತರು. ಮಾಸ್ತರ್ ಶಾಹಿನ್ ಎದುರು ಬಂದು ಕೇಳಿದರು:

"ಕಾಲು ಹ್ಯಾಂಗ ಅದಾವ?"

ಶಾಹಿನ್ ಓರೆಗಣ್ಣಿನಿಂದ ಬಂಗಾರಿಯನ್ನು ನೋಡಿದಳು. ಎದುರಾಳಿ ಪಕ್ಕದಲ್ಲೇ ನಿಂತಿದ್ದಾಳೆ. ನೋವಿದೆ ಎಂದರೆ ಬುಧವಾರದ ಆಸೆ ಬಿಟ್ಟ ಹಾಗೆ ಎಂದು ಎಲ್ಲರೂ ತಿಳಿಯುತ್ತಾರೆ. ಆದರೂ ಹೇಳಿದಳು:

"ಎಡಗಾಲ ಮೊಣಕಾಲಾಗ, ಒಳಗಿನ ಮಗ್ಗಲಿಗೆ, ಚುಚ್ಚಾಕತ್ತೈತ್ರಿ ಸರ್."

"ಯಾವಾಗಿಂದ?"

"ನಿನ್ನಿ ನೂರ ಕಿಲೋಮೀಟರ್ ಆದ ಮ್ಯಾಲಿಂದ್ರಿ."

"ಹಂಗಾರ ಹೋಗಿ ಮಲಕೋ. ಸೈಕಲ್ ಮುಟ್ಟಬ್ಯಾಡ. ಸಂಜಿಗಿ ಮತ್ತ ಹೇಳು."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಶಾಹಿನ್ ತಲೆ ತಗ್ಗಿಸಿ ಶೆಡ್ಡಿನ ಕಡೆ ಹೋದಳು. ಬಂಗಾರಿ ನಗಲಿಲ್ಲ, ಆದರೆ ಒಳಗೊಳಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳೇಕೆ ಹೇಳಬೇಕು, ನಾವು ನೀವಾಗಿದ್ದರೂ ಆಗುತ್ತಿತ್ತು.

ಮಾಸ್ತರ್ ಅವಳ ಹತ್ತಿರ ಬಂದರು. "ನಿನ್ನವು?"

"ಬಿಗಿ ಅದಾವ್ರಿ ಸರ್. ಕಟಗಿ ಆದಂಗ ಆಗ್ಯಾವ. ಚುಚ್ಚೂದಿಲ್ಲ."

ಆ ಮಾತು ನಿಜವೇ ಆಗಿತ್ತು. ಮಾಸ್ತರ್ ತಲೆಯಾಡಿಸಿದರು. "ಲಾಲಸಾಬ ಬರೂ ಹೊತ್ತಾತು. ಅವನ ಹಿಂದ ಹೋಗು. ಪೆಡಲ್ ಮ್ಯಾಲೆ ಕಾಲು ಇರಬೇಕು, ಭಾರ ಇರಬಾರದು. ಸ್ವಲ್ಪ ಹೊತ್ತಿಗೆ ಕಾಲು ಸಡಲ ಆಗ್ತಾವ, ಹಗುರ ಅನಸ್ತೈತಿ. ಆವಾಗ ಹುಷಾರಿರು. ಸಡಲ ಆಗ್ಯಾವ ಅಂದ್ರ ತಯಾರ ಆಗ್ಯಾವ ಅಂತಲ್ಲ."

ಬಂಗಾರಿ ಹೂಂ ಎಂದಳು. ಹೂಂ ಎನ್ನಲು ಏನು ಕಷ್ಟ?

ಮೊದಲ ಹಳ್ಳಿಯವರೆಗೆ ಅವಳು ಮಾಸ್ತರ್ ಹೇಳಿದ ಹಾಗೆಯೇ ನಡೆದುಕೊಂಡಳು. ತೊಡೆಗಳು ಮೊದಮೊದಲು ಒಂದೊಂದು ಸುತ್ತಿಗೂ ಕಿರಿಕಿರಿ ಮಾಡಿದವು. ಲಾಲಸಾಬ ಓಣಿ ಓಣಿಯಲ್ಲಿ ನಿಂತು ರಬ್ಬರ್ ಹಾರ್ನ್ ಒತ್ತುತ್ತಿದ್ದ. ಹೆಂಗಸರು ಬಟ್ಟಲು ಹಿಡಿದು ಬರುತ್ತಿದ್ದರು. ಅವನು ಖಾರಿ ತೂಗಿ ಕೊಡುವವರೆಗೆ ಬಂಗಾರಿ ಒಂದು ಕಾಲು ನೆಲಕ್ಕೆ ಊರಿ ನಿಲ್ಲುತ್ತಿದ್ದಳು. ಅರ್ಧ ತಾಸು ಆಗುವುದರೊಳಗೆ ಬಿಗಿ ಬಿಟ್ಟಿತು. ಕಾಲು ಎಣ್ಣೆ ಹಾಕಿದಂತೆ ತಿರುಗತೊಡಗಿದವು. ಆರಾಮೆನಿಸಿತು. ಇಷ್ಟು ಆರಾಮಿದ್ದರೆ ಇನ್ನು ಹೀಗೆ ತೆವಳುವುದು ಏಕೆ ಎಂದೂ ಅನಿಸಿತು.

ಎರಡನೆಯ ಹಳ್ಳಿ ಬಂಗಾರಿಯದೇ ಊರು. ಅಲ್ಲಿಗೆ ಬಂದಾಗ ಅವಳ ಮುಖ ಸಣ್ಣದಾಯಿತು. ಹಿಂದಿನ ದಿನದ ಸುದ್ದಿ ಊರಿಗೆ ಮುಟ್ಟಿತ್ತು. ಕಟ್ಟೆಯ ಮೇಲೆ ಕುಳಿತವರು ನಮ್ಮ ಬಂಗಾರಿ ಬಂದಳು ಎಂದು ಎದ್ದು ನೋಡಿದರು. ನೋಡಿದರೆ ಅವಳು ಖಾರಿ ಪೆಟ್ಟಿಗೆಯ ಹಿಂದೆ, ನಡೆಯುವ ಎಮ್ಮೆಗಿಂತ ಸ್ವಲ್ಪ ಜೋರಾಗಿ ಬರುತ್ತಿದ್ದಾಳೆ. ಒಬ್ಬ ಮುದುಕ, ಪಾಪ, ಕಾಳಜಿಯಿಂದಲೇ ಕೇಳಿದ: "ಯಾಕವಾ, ಆರಾಮಿಲ್ಲೇನು?"

ಅಷ್ಟರಲ್ಲಿ ಹಿಂದಿನಿಂದ ಮೂರು ಸಲ ಹಾರ್ನ್ ಕೇಳಿಸಿತು. ಅವಳ ಸೋದರಮಾವ ಶಿವಗೊಂಡ. ಫ್ಯಾಕ್ಟರಿಗೆ ಕಬ್ಬು ಸುರಿದು ಖಾಲಿ ಟ್ರ್ಯಾಕ್ಟರ್ ಹೊಡೆದುಕೊಂಡು ಮುಂದಿನ ಗದ್ದೆಗೆ ಹೊರಟಿದ್ದ. ಮಾವ ಸೊಸೆಯ ನಡುವೆ ಒಂದು ಆಟವಿತ್ತು. ಅವನು ಮೂರು ಸಲ ಹಾರ್ನ್ ಹೊಡೆದ ಎಂದರೆ ಪಂದ್ಯ. ಊರಿನಿಂದ ಹಳ್ಳದ ಸೇತುವೆಯವರೆಗೆ ಒಂಬತ್ತು ಕಿಲೋಮೀಟರ್. ಅವಳು ಶಾಲೆಯ ಎಂಟನೆಯ ಇಯತ್ತೆಯಲ್ಲಿ ಇದ್ದಾಗಿನಿಂದ ನಡೆದು ಬಂದ ಆಟ. ಅವಳನ್ನು ಓಟಗಾರ್ತಿ ಮಾಡಿದ್ದೇ ತನ್ನ ಟ್ರ್ಯಾಕ್ಟರ್ ಎಂದು ಮಾವ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

"ಏನವಾ ಬಂಗಾರಿ," ಎಂದು ಮಾವ ಮೇಲಿನಿಂದಲೇ ಕೂಗಿದ. "ಖಾರಿ ಮಾರೂ ಧಂದೆ ಸುರು ಮಾಡಿದೇನು?"

ಕಟ್ಟೆಯವರೆಲ್ಲ ಗೊಳ್ಳೆಂದು ನಕ್ಕರು.

"ಮಾಸ್ತರ್ ಹೇಳ್ಯಾರ ಮಾವ, ಇವತ್ತು ಸಾವಕಾಶ ಅಂತ."

"ಸಾವಕಾಶ ನನ್ನಂಥಾ ಮುದುಕರಿಗೆ. ನಿನ್ನಿ ಗೆದ್ದಾಕಿಗೆ ಎಂಥಾ ಸಾವಕಾಶ? ಹೂಂ, ಬರ್ತೀಯೋ ಇಲ್ಲೋ?"

ಮಾವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನಿಗೆ ಸೊಸೆಯ ಓಟ ನೋಡುವ ಆಸೆ, ಊರವರಿಗೆ ತೋರಿಸುವ ಆಸೆ. ನಮ್ಮನ್ನು ಕೆಡಿಸುವವರು ಎಷ್ಟೋ ಸಲ ನಮ್ಮ ಮೇಲೆ ಪ್ರೀತಿ ಇಟ್ಟವರೇ ಆಗಿರುತ್ತಾರೆ. ಅವನು ಗೇರ್ ಹಾಕಿ ಮುಂದೆ ಹೋದ. ಎರಡು ಖಾಲಿ ಟ್ರೇಲರುಗಳು ದಡದಡ ಸದ್ದು ಮಾಡುತ್ತ ಬಂಗಾರಿಯ ಪಕ್ಕದಿಂದ ಹಾದು ಹೋದವು. ಈಗ ಅವಳ ಕಣ್ಣೆದುರು ಒಂದು ಬೆನ್ನು.

ಲಾಲಸಾಬ ಒಬ್ಬ ಅಜ್ಜಿಗೆ ಪಾವ್ ಎಣಿಸಿ ಕೊಡುತ್ತಿದ್ದ. ಅವನು ತಲೆ ಎತ್ತುವುದರೊಳಗೆ ಬಂಗಾರಿ ಇರಲಿಲ್ಲ.

ಅವಳು ಪೆಡಲ್ ಮೇಲೆ ಎದ್ದು ನಿಂತು ತುಳಿದಳು. ಟ್ರೇಲರ್ ಹಿಂದೆ ಗಾಳಿ ಬಡಿಯದ ಜಾಗ ಹಿಡಿದಳು. ಸೇತುವೆ ಅರ್ಧ ಕಿಲೋಮೀಟರ್ ಇರುವಾಗ ಪಕ್ಕಕ್ಕೆ ಬಂದು ಹಲ್ಲು ಕಚ್ಚಿ ಟ್ರ್ಯಾಕ್ಟರ್ ದಾಟಿದಳು. ಮಾವ ಸೀಟಿನ ಮೇಲೆ ಕುಣಿದಾಡಿಬಿಟ್ಟ. ಬಂಗಾರಿಗೂ ಆಕಾಶ ಮೂರೇ ಗೇಣು. ಅವಳ ಎದೆ ಢವಢವ ಎನ್ನುತ್ತಿತ್ತು, ತೊಡೆ ಉರಿಯುತ್ತಿತ್ತು, ಆದರೆ ಗೆದ್ದಾಗ ಉರಿ ಯಾರಿಗೆ ನೆನಪಿರುತ್ತದೆ? ಆಮೇಲೆ ಮಾಸ್ತರರ ನೆನಪಾಗಿ ಗಾಬರಿಯಾಯಿತು. ಎದುರುಗಾಳಿಯಲ್ಲಿ ಮತ್ತೆ ಅಷ್ಟೇ ದೂರ ರಭಸದಿಂದ ಊರಿಗೆ ಹಿಂದೆ ಬಂದು, ಅಲ್ಲಿಂದ ಮುಂದೆ ಮೂರನೆಯ ಹಳ್ಳಿಯ ಕೊನೆಯ ಓಣಿಯಲ್ಲಿ ಲಾಲಸಾಬನ ಹಿಂದೆ ಸೇರಿಕೊಂಡಳು.

ಲಾಲಸಾಬ ತಿರುಗಿ ನೋಡಿದ. ಅವಳ ಮುಖ ಕೆಂಪಾಗಿತ್ತು, ಬೆವರು ಗದ್ದದಿಂದ ಇಳಿಯುತ್ತಿತ್ತು.

"ಕಾಕಾ, ಮಾಸ್ತರಗ ಹೇಳಬ್ಯಾಡ್ರಿ."

"ನಾ ಖಾರಿ ಮಾರಾಂವ ಯವ್ವಾ, ಚಾಡಿ ಮಾರಾಂವಲ್ಲ," ಎಂದ ಲಾಲಸಾಬ. "ಆದ್ರ ನೀನು ಹೇಳಬೇಕು. ಮಾಸ್ತರ ನಾಳಿ ನಿನಗ ಏನು ಮಾಡಸಬೇಕು ಅನ್ನೂದು, ಇವತ್ತು ನೀ ಏನು ಮಾಡಿದಿ ಅನ್ನೂದರ ಮ್ಯಾಲೆ ಐತಿ."

ಬಂಗಾರಿ ಅದಕ್ಕೂ ಹೂಂ ಎಂದಳು.

ಶೆಡ್ಡಿನ ಬಾಗಿಲಲ್ಲಿ ಮಾಸ್ತರ್ ನಿಂತಿದ್ದರು. "ಹ್ಯಾಂಗಾತು?"

ಬಾಯಿಯ ತನಕ ಬಂದ ಮಾತನ್ನು ಅವಳು ನುಂಗಿದಳು. ಬೈಸಿಕೊಳ್ಳುವ ಹೆದರಿಕೆ ಒಂದು. ಗೆದ್ದವಳು ಎಂಬ ಹೆಸರಿಗೆ ಕಪ್ಪು ಹತ್ತೀತು ಎಂಬುದು ಇನ್ನೊಂದು. "ಚಲೋ ಆತ್ರಿ ಸರ್. ಲಾಲಸಾಬ ಕಾಕಾನ ಹಿಂದ ಆರಾಮ ಬಂದೆ."

"ಭೇಷ್," ಎಂದರು ಮಾಸ್ತರ್. ಮುಖದಲ್ಲಿ ಸಂತೋಷ ಕಾಣುತ್ತಿತ್ತು. ಬಂಗಾರಿ ತಾಳ್ಮೆ ಕಲಿತಳು ಎಂದು ಅವರು ನಿಜವಾಗಿಯೂ ನಂಬಿದರು.

ಮಂಗಳವಾರ ಬೆಳಿಗ್ಗೆ ಮತ್ತೆ ಸಾಲು, ಮತ್ತೆ ಅದೇ ಪ್ರಶ್ನೆ. ಶಾಹಿನ್ ಹಿಂದಿನ ದಿನವೆಲ್ಲ ಮಲಗಿದ್ದಳು. ಊಟಕ್ಕೆ ಮಾತ್ರ ಎದ್ದಿದ್ದಳು. "ಚುಚ್ಚೂದು ಹೋಗೈತ್ರಿ. ಈಗ ಬರೇ ಬಿಗಿ," ಎಂದಳು. ಮಾಸ್ತರ್ ಅವಳಿಗೆ ಲಾಲಸಾಬನ ಹಿಂದೆ ಒಂದೇ ಹಳ್ಳಿ ಸುತ್ತಿ ಬಾ ಎಂದರು.

ಬಂಗಾರಿಯ ಸ್ಥಿತಿ ಬೇರೆ. ಬೆಳಿಗ್ಗೆ ಶೆಡ್ಡಿನ ಮೂರು ಮೆಟ್ಟಿಲು ಇಳಿಯುವಾಗ ಅವಳು ಗೋಡೆ ಹಿಡಿದಿದ್ದಳು. ತೊಡೆಗಳು ಒಡೆದ ಹಾಗಿದ್ದವು. ಈಗಲೂ ಹೊತ್ತು ಮೀರಿರಲಿಲ್ಲ. ಸರ್, ನಿನ್ನೆ ಹೀಗಾಯಿತು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಇವತ್ತು ನಿಜ ಹೇಳಬೇಕಾದರೆ ನಿನ್ನೆಯ ಸುಳ್ಳನ್ನೂ ಒಪ್ಪಿಕೊಳ್ಳಬೇಕಲ್ಲ. ಒಂದು ಸುಳ್ಳು ಮುಚ್ಚಲು ಇನ್ನೊಂದು ಬೇಕೇ ಬೇಕಾಗುತ್ತದೆ.

"ಕಾಲು ಹ್ಯಾಂಗ ಅದಾವ?"

"ಹಗುರ ಅದಾವ್ರಿ ಸರ್."

ಮಾಸ್ತರ್ ಮುಖ ಅರಳಿತು. "ಹಗುರ ಇದ್ರ ಇವತ್ತು ಅವನ್ನ ಸ್ವಲ್ಪ ಎಬ್ಬಸಬೇಕು. ಸೇತುವಿ ತನಕ ಹೋಗು. ದಾರಿ ನಡುವ ಆರು ಸಲ, ಎರಡೆರಡು ನಿಮಿಷ, ನಾಳಿನ ಓಟದಾಂಗ ತುಳಿ. ವಿಶ್ರಾಂತಿ ಆದ ಕಾಲಿಗೆ ಇದು ಟಾನಿಕ್ ಇದ್ದಂಗ."

ವಿಶ್ರಾಂತಿಯಾದ ಕಾಲಿಗೆ ಟಾನಿಕ್ಕು ಸರಿಯೇ. ಆಗದ ಕಾಲಿಗೆ? ಮಾಸ್ತರರಿಗೆ ಗೊತ್ತಿಲ್ಲ, ಅವರು ಕೊಟ್ಟರು. ಬಂಗಾರಿಗೆ ಗೊತ್ತಿತ್ತು, ಅವಳು ಕುಡಿದಳು. ವೈದ್ಯರ ಮುಂದೆ, ವಕೀಲರ ಮುಂದೆ ಸುಳ್ಳು ಹೇಳಬಾರದು ಎನ್ನುತ್ತಾರೆ. ಆ ಪಟ್ಟಿಗೆ ಸೈಕಲ್ ಗುರುವನ್ನೂ ಸೇರಿಸಿಕೊಳ್ಳಿ. ಆರರಲ್ಲಿ ಎರಡು ಸಲ ಬಿಟ್ಟರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ಹಠದ ಹುಡುಗಿ, ಆರೂ ಮುಗಿಸಿಯೇ ಬಂದಳು.

ಬುಧವಾರ ಬಂತು. ಹದಿನೈದು ಕಿಲೋಮೀಟರ್ ಹೋಗಿ, ಡಾಂಬರಿನ ಮೇಲೆ ಸುಣ್ಣದಲ್ಲಿ ಎಳೆದ ಗೆರೆ ಸುತ್ತಿ, ಹದಿನೈದು ಕಿಲೋಮೀಟರ್ ವಾಪಸು. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದೆಗೆ. ಶಾಹಿನ್ ಮೊದಲು ಹೋಗಿ ಬಂದಳು. ಅವಳ ಸಮಯ ಎಷ್ಟೆಂದು ಮಾಸ್ತರ್ ಬಾಯಿ ಬಿಡಲಿಲ್ಲ. ಕಡೆಯವಳು ಬಂಗಾರಿ.

ಹೋಗುವಾಗ ಅವಳಿಗೆ ಏನೂ ತಿಳಿಯಲಿಲ್ಲ. ಗಾಳಿ ತಳ್ಳುತ್ತಿತ್ತು, ಸೈಕಲ್ ಓಡುತ್ತಿತ್ತು. ನನ್ನದು ಬರೇ ಮನಸ್ಸಿನ ಹೆದರಿಕೆ, ಕಾಲು ಸರಿಯಾಗಿಯೇ ಇವೆ ಎಂದುಕೊಂಡಳು. ಸುಣ್ಣದ ಗೆರೆ ಸುತ್ತಿ ತಿರುಗಿದಳು. ಗಾಳಿ ಎದೆಗೆ ಹೊಡೆಯಿತು. ಕಾಲಿಗೆ ಜೋರು ಎಂದಳು. ಕಾಲು ಕೇಳಲಿಲ್ಲ.

ಒಂದು ಗೇರ್ ಇಳಿಸಿದಳು. ಇನ್ನೊಂದು ಇಳಿಸಿದಳು. ಉಸಿರು ಇತ್ತು, ಎದೆ ಚೆನ್ನಾಗಿತ್ತು, ಮನಸ್ಸು ಮುಂದೆ ಓಡುತ್ತಿತ್ತು, ತೊಡೆಗಳು ಮಾತ್ರ ಬೇರೆ ಯಾರದೋ ಆಗಿದ್ದವು. ಎಂಟು ಕಿಲೋಮೀಟರ್ ಉಳಿದಾಗ ಅವಳಿಗೆ ಅಳು ಬಂತು. ತುಳಿಯುತ್ತಲೇ ಅತ್ತಳು. ಕಣ್ಣೀರು ಒರೆಸಲು ಕೈ ಬಿಟ್ಟರೆ ಒಂದು ಸೆಕೆಂಡು ಹೋಗುತ್ತದೆ ಎಂದು ಒರೆಸಲೂ ಇಲ್ಲ. ಆ ಮೂವತ್ತು ಕಿಲೋಮೀಟರಿನಲ್ಲಿ ಅವಳು ಮೈಗಳ್ಳತನ ಮಾಡಲಿಲ್ಲ, ಇದ್ದದ್ದೆಲ್ಲ ಹಾಕಿದಳು. ಇದ್ದದ್ದೇ ಕಡಿಮೆಯಾಗಿತ್ತು.

ಮಾಸ್ತರ್ ಎರಡೂ ದಿನದ ಸಮಯ ಕೂಡಿಸಿದರು. ನಂಬಿಕೆಯಾಗದೆ ಇನ್ನೊಮ್ಮೆ ಕೂಡಿಸಿದರು. ಒಂದು ನಿಮಿಷ ನಲವತ್ತು ಸೆಕೆಂಡು ಮುಂದೆ ಇದ್ದ ಬಂಗಾರಿ ಈಗ ಏಳು ಸೆಕೆಂಡು ಹಿಂದೆ ಇದ್ದಳು.

"ಶಾಹಿನ್," ಎಂದರು ಮಾಸ್ತರ್. ಅಷ್ಟೇ ಅಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಂಗಾರಿ ರಸ್ತೆಯ ಬದಿಗೆ ಕುಕ್ಕರಿಸಿದಳು. ಶಾಹಿನ್ ಕುಣಿಯಲಿಲ್ಲ. ಹತ್ತಿರ ಬಂದು, ಕೆಳಗೆ ಬಿದ್ದಿದ್ದ ಬಂಗಾರಿಯ ಸೈಕಲ್ ಎತ್ತಿ ನಿಲ್ಲಿಸಿದಳು. "ಅಕ್ಕಾ, ನೀರು ಕುಡಿ," ಎಂದು ತನ್ನ ಬಾಟಲಿ ಕೊಟ್ಟಳು.

ಬಂಗಾರಿ ಕುಡಿಯಲಿಲ್ಲ. "ಹಿಂದಿನ ಟೈರ್‌ನಾಗ ಗಾಳಿ ಕಮ್ಮಿ ಆಗಿತ್ತು," ಎಂದಳು. ಮಾಸ್ತರ್ ಬಗ್ಗಿ ಹೆಬ್ಬೆರಳಿನಿಂದ ಟೈರ್ ಒತ್ತಿ ನೋಡಿದರು. ಕಲ್ಲಿನಂತೆ ಇತ್ತು. "ಆಕಿ ಹೋದಾಗ ಗಾಳಿ ಇಷ್ಟು ಇರಲಿಲ್ರಿ," ಎಂದಳು. ಗಾಳಿ ಬೆಳಿಗ್ಗೆಯಿಂದ ಹಾಗೆಯೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾಸ್ತರ್ ವಾದ ಮಾಡಲಿಲ್ಲ. ಅವಳ ಎದುರಿಗೆ ಮಣ್ಣಿನಲ್ಲೇ ಕುಳಿತುಕೊಂಡರು.

"ತಪ್ಪು ನನ್ನದ ಇರಬೇಕವಾ," ಎಂದರು. "ನಿನ್ನಿ ಆರು ಸಲ ಕೊಟ್ಟದ್ದು ಜಾಸ್ತಿ ಆತೇನೋ. ನಾಕು ಕೊಡಬೇಕಾಗಿತ್ತು. ನಿನ್ನ ಕಡೀ ವರ್ಷ ನಾನ ಹಾಳು ಮಾಡಿದೆ."

ಬೈದಿದ್ದರೆ ಬಂಗಾರಿ ತಡೆದುಕೊಳ್ಳುತ್ತಿದ್ದಳು. ಈ ಮಾತು ತಡೆಯಲಾಗಲಿಲ್ಲ. ಅವಳ ತಪ್ಪನ್ನು ಮುದುಕ ಗುರು ತಮ್ಮ ತಲೆಗೆ ಕಟ್ಟಿಕೊಳ್ಳುತ್ತಿದ್ದಾರೆ. ಅವಳಿಗೆ ನಾಚಿಕೆಯಿಂದ ಭೂಮಿಗೆ ಇಳಿದು ಹೋದಂತಾಯಿತು.

"ಇಲ್ರಿ ಸರ್," ಎಂದಳು. "ಸೋಮವಾರ ನಾ ಲಾಲಸಾಬ ಕಾಕಾನ ದಾಟಿದೆ. ಮಾವನ ಟ್ರ್ಯಾಕ್ಟರ್ ಜೋಡಿ ಸೇತುವಿ ತನಕ ಪಂದ್ಯ ಹಚ್ಚಿದ್ದೆ. ನಿಮಗ ಸುಳ್ಳ ಹೇಳಿದೆ. ಮಂಗಳವಾರ ಕಾಲು ಎತ್ತಾಕ ಬರ್ತಿರಲಿಲ್ಲ. ಆವಾಗೂ ಸುಳ್ಳ ಹೇಳಿದೆ."

ಮಾಸ್ತರ್ ಕೇಳಿದರು:

"ಪಂದ್ಯ ಯಾರು ಗೆದ್ರು?"

"ನಾನ್ರಿ."

"ಹೂಂ. ಅದನ್ನಾದ್ರೂ ಗೆದ್ದೆಲ್ಲ."

ಅದರಲ್ಲಿ ಕುಹಕ ಇತ್ತೋ, ಮರುಕ ಇತ್ತೋ, ಅಲ್ಲಿ ನಿಂತ ಯಾರಿಗೂ ತಿಳಿಯಲಿಲ್ಲ.

ಮಾಸ್ತರರೇ ಮತ್ತೆ ಹೇಳಿದರು: "ಕೇಳವಾ. ಟ್ರ್ಯಾಕ್ಟರ್ ಜೋಡಿ ಓಡಿದ್ದಕ್ಕ ನೀ ಸೋಲಲಿಲ್ಲ. ಅದು ಹುಡುಗಬುದ್ಧಿ, ಎಲ್ಲಾರೂ ಮಾಡ್ತಾರ, ನಾನೂ ಮಾಡೀನಿ. ಸೋಮವಾರ ಸಂಜಿಗಿ ಹೇಳಿದ್ದಿ ಅಂದ್ರ ನಾಕು ಬೈತಿದ್ದೆ, ಮಂಗಳವಾರ ದಿನಾ ಪೂರ್ತಿ ಮಲಗಸ್ತಿದ್ದೆ. ಇವತ್ತು ಒಂದು ನಿಮಿಷ ಮುಂದ ಇರ್ತಿದ್ದಿ. ಕಾಲು ನಿನ್ನಲ್ಲಿ ಅದಾವ, ಉಪಾಯ ನನ್ನಲ್ಲಿ ಐತಿ. ನಡುವ ಇರೂದು ನಿನ್ನ ಮಾತು ಒಂದ. ಅದು ಸುಳ್ಳಾದ್ರ ನನ್ನ ಉಪಾಯನ ನಿನಗ ವಿಷ."

ಬಂಗಾರಿ ಮುಖ ಮುಚ್ಚಿಕೊಂಡು ಅತ್ತಳು. ಶಾಹಿನ್ ಪಕ್ಕದಲ್ಲಿ ಕುಳಿತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಗೆದ್ದ ಸಂತೋಷ ಅವಳಿಗೂ ಆ ಹೊತ್ತಿಗೆ ಪೂರ್ತಿ ಸಿಗಲಿಲ್ಲ. ಮಾಸ್ತರ್ ಎದ್ದು ಪಂಚೆಯ ಮಣ್ಣು ಝಾಡಿಸಿಕೊಂಡರು. ಕ್ಯಾಂಪಿಗೆ ಹೋದ ಪತ್ರದಲ್ಲಿ ಶಾಹಿನ್ ಹೆಸರೇ ಇತ್ತು. ನಿಜ ಹೇಳಿದಳು ಎಂದು ಏಳು ಸೆಕೆಂಡನ್ನು ಯಾರೂ ಬಂಗಾರಿಗೆ ಮರಳಿ ಕೊಡಲಿಲ್ಲ. ಕಥೆಯಲ್ಲಿ ಕೊಡಬಹುದಿತ್ತು, ಆದರೆ ಗಡಿಯಾರ ಕಥೆ ಕೇಳುವುದಿಲ್ಲ.

ಗುರುವಾರ ಬೆಳಿಗ್ಗೆ ಎಂದಿನಂತೆ ಸಾಲು ನಿಂತಿತು. ಬಂಗಾರಿ ಸಾಲಿನ ನಡುವೆ ಅಡಗಿಕೊಂಡಂತೆ ನಿಂತಿದ್ದಳು. ಇವತ್ತು ಮಾಸ್ತರ್ ತನ್ನನ್ನು ಕೇಳುವುದೇ ಇಲ್ಲ, ಕೇಳಿದರೂ ನಂಬುವುದಿಲ್ಲ ಎಂದು ಅವಳ ಎಣಿಕೆ. ಇನ್ನು ಮೇಲೆ ಮೊಣಕಾಲು ಒತ್ತಿ ನೋಡುತ್ತಾರೆ, ನಾಡಿ ಹಿಡಿದು ನೋಡುತ್ತಾರೆ, ಲಾಲಸಾಬನನ್ನು ಸಾಕ್ಷಿ ಕೇಳುತ್ತಾರೆ ಎಂದುಕೊಂಡಿದ್ದಳು. ಉಳಿದವರ ಎಣಿಕೆಯೂ ಅದೇ ಆಗಿತ್ತು.

ಮಾಸ್ತರ್ ಒಬ್ಬೊಬ್ಬರನ್ನೇ ಕೇಳುತ್ತ ಬಂದು ಅವಳ ಎದುರು ನಿಂತರು. ದನಿ ಎಂದಿನದೇ.

"ಕಾಲು ಹ್ಯಾಂಗ ಅದಾವ?"

ಬಂಗಾರಿ ಅವರ ಮುಖ ನೋಡಿ ಹೇಳಿದಳು: "ಬಲಗಾಲ ತೊಡಿ ಚುಚ್ಚಾಕತ್ತೈತ್ರಿ. ಮೆಟ್ಟಲಾ ಇಳಿಯಾಕ ಬರವಲ್ದು. ಮನಸೂ ಸರಿ ಇಲ್ರಿ."

"ಹಂಗಾರ ಹೋಗಿ ಮಲಕೋ," ಎಂದರು ಮಾಸ್ತರ್.

ಮುಟ್ಟಿ ನೋಡಲಿಲ್ಲ, ಎರಡನೆಯ ಮಾತು ಕೇಳಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಿ ಮುಂದಿನ ಹುಡುಗಿಯ ಕಡೆ ಹೋದರು.

ನೀತಿ: ದೂರ ತುಳಿದು ಬಂದ ಮರುದಿನ ನಿಧಾನವಾಗಿ ಒಂದು ಸುತ್ತು ಹೋಗಬೇಕೋ, ಚಾಪೆ ಹಾಸಿ ಮಲಗಬೇಕೋ ಎಂಬುದನ್ನು ದಣಿದ ಕಾಲೇ ತಿಳಿಸುತ್ತದೆ, ಕಟ್ಟೆಯ ಮೇಲಿನ ನಗು ತಿಳಿಸುವುದಿಲ್ಲ. ವಿಶ್ರಾಂತಿಯ ದಿನ ಗೆಲ್ಲಲು ಹೋದವರು ಓಟದ ದಿನ ಸೋಲುತ್ತಾರೆ. ಆ ತಪ್ಪು ಮಾಡಿಬಿಟ್ಟರೂ ಗುರುವಿಗೆ ಅಂದೇ ಹೇಳಿಬಿಡಿ. ದಣಿವನ್ನು ಒಂದು ದಿನದ ನಿದ್ದೆ ಕಳೆಯುತ್ತದೆ, ಮುಚ್ಚಿಟ್ಟ ದಣಿವಿಗೆ ಮದ್ದಿಲ್ಲ.